ಮಾಗಿಯಲ್ಲಿ ಗ್ರಂಥಾಲಯಕ್ಕೆ ಒಂದು ದಿನ: ಪೇಟೆ ಕೆಲಸದಿಂದ ಪುಸ್ತಕ ರಿಪೇರಿವರೆಗೆ

ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಊರುಗಳ ಗ್ರಂಥಾಲಯಗಳು ತೇವ ಕುಡಿಯುತ್ತಲೇ ಇರುತ್ತವೆ. ಗೋಡೆಗೆ ಆತುಕೊಂಡ ಕಪಾಟಿನ ಹಿಂಬದಿಯ ಪುಸ್ತಕಗಳಿಗೆ ಬೂಷ್ಟು ಹತ್ತುತ್ತದೆ, ರಟ್ಟು ಮೆತ್ತಗಾಗುತ್ತದೆ, ಅಂಟು ತಿನ್ನುವ ಹುಳು ಸೇರಿಕೊಳ್ಳುತ್ತದೆ. ಮಾರ್ಚ್ ಬಂತೆಂದರೆ ಬಿಸಿಲು, ಧೂಳು, ಪರೀಕ್ಷೆಗೆ ಓದುವ ಹುಡುಗರ ಗಲಾಟೆ. ಈ ಎರಡರ ನಡುವೆ, ಹೆಚ್ಚುಕಡಿಮೆ ಎಳ್ಳಮಾವಾಸ್ಯೆಯಿಂದ ಶಿವರಾತ್ರಿಯವರೆಗೆ, ಗಾಳಿ ಒಣಗಿರುತ್ತದೆ, ಬಿಸಿಲೂ ಹಿತವಾಗಿರುತ್ತದೆ. ಪುಸ್ತಕ ಒರೆಸಲು, ಗಾಳಿಗೆ ಹಾಕಲು, ಅಂಟಿಸಲು, ಹೊಲಿಯಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಗ್ರಂಥಾಲಯಕ್ಕೆ ಸೇವೆ ಮಾಡಬೇಕೆಂಬ ಮನಸ್ಸಿದ್ದವರು ಈ ಎರಡು ತಿಂಗಳಲ್ಲಿ ಒಂದು ದಿನ ಕೊಟ್ಟರೂ ಸಾಕು, ಮುಂದಿನ ಮಳೆಗಾಲವನ್ನು ನೂರಾರು ಪುಸ್ತಕಗಳು ದಾಟುತ್ತವೆ.

ಚಳಿಗೆ ಹೆದರಿ ಇಡೀ ದಿನ ಮನೆಯಲ್ಲಿ ಕೂರುವವರಿಗೂ ಹೇಗಿದ್ದರೂ ಪೇಟೆ ಕೆಲಸ ಇದ್ದೇ ಇರುತ್ತದೆ: ರೇಷನ್, ಬ್ಯಾಂಕು, ಅಂಚೆ. ಆ ಓಡಾಟದ ಜೊತೆಗೇ ಗ್ರಂಥಾಲಯದ ಕೆಲಸವನ್ನು ಹೊಂದಿಸಿಕೊಳ್ಳುವುದು ಹೇಗೆ ಎಂಬುದು ಈ ಲೇಖನ. ಹಳ್ಳಿಯ ಅರಿವು ಕೇಂದ್ರವನ್ನು, ಅಂದರೆ ಗ್ರಾಮ ಪಂಚಾಯತಿ ಗ್ರಂಥಾಲಯವನ್ನು, ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನಗರದ ಶಾಖಾ ಗ್ರಂಥಾಲಯಕ್ಕೂ ಬಹುಪಾಲು ಹೊಂದುತ್ತದೆ.

ಮೊದಲು ಮಾತಾಡಿಕೊಳ್ಳಿ

ಕರ್ನಾಟಕದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಅರಿವು ಕೇಂದ್ರ ಎಂದು ಬೋರ್ಡ್ ಇರುವುದು ಇವಕ್ಕೇ. ಅಲ್ಲಿ ಹೆಚ್ಚಿನ ಕಡೆ ಇರುವುದು ಒಬ್ಬರೇ ಗ್ರಂಥಪಾಲಕರು. ಬಾಗಿಲು ತೆಗೆಯುವುದು, ರಿಜಿಸ್ಟರ್ ಬರೆಯುವುದು, ಮಕ್ಕಳನ್ನು ಸಂಭಾಳಿಸುವುದು ಎಲ್ಲ ಅವರದೇ. ರಿಪೇರಿಗೆ ಕೈ ಸಾಲುವುದಿಲ್ಲ, ಹಾಗಾಗಿ ಹರಿದ ಪುಸ್ತಕಗಳು ಮೂಲೆಯ ಒಂದು ರಟ್ಟಿನ ಪೆಟ್ಟಿಗೆ ಸೇರುತ್ತವೆ. ನೀವು ಕೇಳಬೇಕಾದದ್ದು ಆ ಪೆಟ್ಟಿಗೆಯನ್ನೇ.

ಎರಡು ಮೂರು ದಿನ ಮುಂಚೆ ಹೋಗಿ ಗ್ರಂಥಪಾಲಕರನ್ನು ಕಾಣಿ. ಪಂಚಾಯತಿ ಗ್ರಂಥಾಲಯವಾದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಕಿವಿಗೂ ಒಂದು ಮಾತು ಹಾಕಿ. ಇದು ಬರಿಯ ಔಪಚಾರಿಕತೆಯಲ್ಲ. ಪ್ರತಿ ಪುಸ್ತಕಕ್ಕೂ ಮೊಹರು, ಅಕ್ಸೆಶನ್ ನಂಬರ್ (ಆ ಪ್ರತಿಗೆ ಮಾತ್ರ ಕೊಟ್ಟ ದಾಖಲಾತಿ ಸಂಖ್ಯೆ) ಇರುತ್ತದೆ, ಅದು ರಿಜಿಸ್ಟರಿನಲ್ಲಿ ದಾಖಲಾಗಿರುತ್ತದೆ. ಪುಸ್ತಕ ಕಾಣೆಯಾದರೆ ಉತ್ತರ ಕೊಡಬೇಕಾದವರು ಗ್ರಂಥಪಾಲಕರು. ಆದ್ದರಿಂದ ರಿಪೇರಿಗೆಂದು ಮನೆಗೆ ಒಯ್ಯುವ ಮಾತು ಮೊದಲ ದಿನವೇ ತೆಗೆಯಬೇಡಿ, ಅಲ್ಲೇ ಕೂತು ಮಾಡಿ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು. ಯಾವ ದಿನ ರಜೆ? ಮಧ್ಯಾಹ್ನ ಬಾಗಿಲು ಹಾಕುತ್ತಾರೆಯೇ? ಒಂದು ಮೇಜು, ನೀರು, ಒಂದು ಪ್ಲಗ್ ಸಿಗುತ್ತದೆಯೇ? ಯಾವ ಪುಸ್ತಕಗಳನ್ನು ಮುಟ್ಟಕೂಡದು? ಉತ್ತರ ಕರ್ನಾಟಕದವರು ಎಳ್ಳಮಾವಾಸ್ಯೆಯ ದಿನವನ್ನು ಬಿಟ್ಟುಬಿಡಿ. ಅಂದು ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಊರಿಗೂರೇ ಹೊಲದಲ್ಲಿರುತ್ತದೆ, ಗ್ರಂಥಾಲಯಕ್ಕೆ ಒಂದು ಮಗುವೂ ಬರುವುದಿಲ್ಲ.

ಬೆಳಗಿನ ಓಡಾಟ

ಮಾಗಿಯಲ್ಲಿ ಏಳು ಗಂಟೆಗೆ ಹೊರಟು ಗಳಿಸುವುದೇನೂ ಇಲ್ಲ. ಮಂಜು ಕವಿದ ರಸ್ತೆಯಲ್ಲಿ ಬೈಕು ಓಡಿಸುವುದು ಅಪಾಯ, ಹೋದರೂ ಬಾಗಿಲುಗಳು ತೆರೆದಿರುವುದಿಲ್ಲ. ಒಂಬತ್ತಕ್ಕೆ ಹೊರಡಿ. ಕೆಲಸಗಳನ್ನು ತೆರೆಯುವ ಹೊತ್ತಿಗೆ ತಕ್ಕಂತೆ ಸಾಲಾಗಿ ಇಟ್ಟುಕೊಳ್ಳಿ: ಮೊದಲು ನ್ಯಾಯಬೆಲೆ ಅಂಗಡಿ, ಆಮೇಲೆ ಅಂಚೆ, ಹತ್ತಕ್ಕೆ ಬ್ಯಾಂಕು, ಕೊನೆಗೆ ಪುಸ್ತಕದಂಗಡಿ, ಬೈಂಡಿಂಗ್ ಸಾಮಾನು. ಭಾರದ್ದು ಕೊನೆಗೆ ಕೊಳ್ಳಿ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕ್ ಇಲ್ಲ ಎಂಬುದು ನೆನಪಿರಲಿ.

ರೇಷನ್ ಅಂಗಡಿಯಲ್ಲಿ ಚಳಿಗಾಲಕ್ಕೇ ಸೀಮಿತವಾದ ಒಂದು ತೊಡಕಿದೆ. ಚರ್ಮ ಒಣಗಿ ಬಿರಿದಿರುವುದರಿಂದ ಹೆಬ್ಬೆರಳಿನ ಗೆರೆಗಳು ಯಂತ್ರಕ್ಕೆ ಸರಿಯಾಗಿ ಕಾಣುವುದಿಲ್ಲ; ಹೊಲದಲ್ಲಿ ದುಡಿಯುವವರಿಗೂ ವಯಸ್ಸಾದವರಿಗೂ ಎರಡು ಮೂರು ಸಲ ಒತ್ತಿದರೂ ಬರುವುದಿಲ್ಲ. ಹೊರಡುವ ಮುಂಚೆ ಬಿಸಿನೀರಿನಲ್ಲಿ ಕೈ ಅದ್ದಿ ತೊಳೆದು, ಬೆರಳ ತುದಿಗೆ ಸ್ವಲ್ಪವೇ ಕೊಬ್ಬರಿ ಎಣ್ಣೆ ತಿಕ್ಕಿ, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿಕೊಂಡರೆ ಬಹಳಷ್ಟು ಸಲ ಒಂದೇ ಒತ್ತಿಗೆ ಬರುತ್ತದೆ. ಒಂದು ಬೆರಳು ಬಾರದಿದ್ದರೆ ಇನ್ನೊಂದನ್ನು ಇಡಲು ಕೇಳಿ.

ಅದೇ ಎಣ್ಣೆಯ ಕೈಯಲ್ಲಿ ಮಾತ್ರ ಪುಸ್ತಕ ಮುಟ್ಟಬೇಡಿ. ಕೈ ಒಡೆಯುತ್ತದೆಂದು ಎಲ್ಲರೂ ವ್ಯಾಸಲೀನ್, ಎಣ್ಣೆ ಹಚ್ಚಿಕೊಂಡಿರುವ ಕಾಲ ಇದು. ಜಿಡ್ಡು ಹಾಳೆಗೆ ಇಳಿದರೆ ಹೋಗುವುದಿಲ್ಲ. ಮೊದಲು ಪಾರದರ್ಶಕ ಕಲೆ, ವರ್ಷ ಕಳೆದಂತೆ ಕಂದು ಕಲೆ. ಗ್ರಂಥಾಲಯ ಸೇರಿದ ಕೂಡಲೇ ಸಾಬೂನು ಹಾಕಿ ತೊಳೆದು ಪೂರ್ತಿ ಒಣಗಿಸಿಕೊಳ್ಳಿ.

ಅಂಚೆಯಲ್ಲಿ ಕೆಲಸವಿದ್ದು, ದೂರದ ಗ್ರಂಥಾಲಯಕ್ಕೋ ಶಾಲೆಗೋ ಪುಸ್ತಕ ಕಳಿಸುವುದಿದ್ದರೆ ಜ್ಞಾನ್ ಪೋಸ್ಟ್ ಎಂದು ಕೇಳಿ. 2025ರ ಮೇ 1ರಂದು ಶುರುವಾದ ಸೇವೆ ಇದು. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ವರೆಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು. ಜಾಹೀರಾತು ತುಂಬಿದ್ದನ್ನು ತೆಗೆದುಕೊಳ್ಳುವುದಿಲ್ಲ. ನೆಲದ ಮೇಲಿನ ಸಾಗಣೆಯಾದ್ದರಿಂದ ನಿಧಾನ, ಆದರೆ ಎಲ್ಲಿ ಮುಟ್ಟಿತೆಂದು ನೋಡಬಹುದು.

ಇನ್ನು ಕೊಳ್ಳಬೇಕಾದದ್ದು. ಮೊದಲ ಸಲಕ್ಕೆ ಇಷ್ಟು ಸಾಕು: ಮೈದಾ 100 ಗ್ರಾಂ, ಫೆವಿಕಾಲ್ 100 ಗ್ರಾಂ, ಬಣ್ಣ ಬಳಿಯುವ ಮೆತ್ತನೆ ಬ್ರಷ್ ಎರಡು ಇಂಚಿನದೊಂದು ಅರ್ಧ ಇಂಚಿನದೊಂದು, ಬೇಕರಿಯವರು ಬಳಸುವ ಬಟರ್ ಪೇಪರ್ ಹತ್ತು ಹಾಳೆ, ಬಣ್ಣವಿಲ್ಲದ ತೆಳು ಬಿಳಿ ಟಿಶ್ಯೂ ಕಾಗದ ನಾಲ್ಕು ಹಾಳೆ, ಬೈಂಡಿಂಗ್ ಬಟ್ಟೆ ಅರ್ಧ ಮೀಟರ್, ಗಟ್ಟಿ ಹತ್ತಿ ದಾರ ಒಂದು ಉಂಡೆ, ದಬ್ಬಣ, ಒಂದು ಮೋಂಬತ್ತಿ, ಎನ್-95 ಮಾಸ್ಕ್ ಎರಡು. ಮನೆಯಿಂದ ಹಳೆಯ ಹತ್ತಿ ಪಂಚೆ ಹರಿದು ತಂದ ತುಂಡುಗಳು, ಎರಡು ಇಟ್ಟಿಗೆ, ಸ್ವೆಟರ್ ಹೆಣೆಯುವ ಒಂದು ಉದ್ದ ಕಡ್ಡಿ. ಸೆಲೋಟೇಪ್ ಕೊಳ್ಳಲೇಬೇಡಿ. ಕಾರಣ ಮುಂದೆ ಬರುತ್ತದೆ.

ಪುಸ್ತಕ ದಾನ ಸಂಗ್ರಹಿಸಿ ತರುವುದಿದ್ದರೆ ಅಳತೆ ತಿಳಿದಿರಲಿ. ಡೆಮಿ ಆಕಾರದ, ಅಂದರೆ ಸಾಮಾನ್ಯ ಕಾದಂಬರಿಯ ಅಳತೆಯ, 200 ಪುಟದ ಪುಸ್ತಕ ಸುಮಾರು ಕಾಲು ಕೆ.ಜಿ. ತೂಗುತ್ತದೆ, ನಲವತ್ತು ಪುಸ್ತಕಕ್ಕೆ ಹತ್ತು ಕೆ.ಜಿ. ಒಂದು ಪೆಟ್ಟಿಗೆಗೆ ಅಷ್ಟೇ ತುಂಬಿ. ಖಾಲಿ ಸಿಮೆಂಟ್ ಚೀಲದಲ್ಲಿ ತರಬೇಡಿ, ಆ ಪುಡಿ ಹಾಳೆಗಳ ನಡುವೆ ಸೇರಿದರೆ ಬಿಡಿಸಲಾಗದು. ಕೊಡುವವರ ಮನೆಯಲ್ಲೇ ಆರಿಸಿ: ಹಳೆಯ ಪಠ್ಯಕ್ರಮದ ಗೈಡು, ಬೂಷ್ಟು ಹಿಡಿದದ್ದು, ಅರ್ಧ ಹಾಳೆ ಇಲ್ಲದ್ದು ಬೇಡ. ಒಂದು ಬೂಷ್ಟಿನ ಪುಸ್ತಕ ಕಪಾಟಿಗೆ ಹೊಕ್ಕರೆ ಅಕ್ಕಪಕ್ಕದ ಹತ್ತಕ್ಕೆ ಹರಡುತ್ತದೆ. ಕೊಡುವವರಿಗೆ ಬೇಸರವಾಗದಂತೆ ಬೇಡ ಎನ್ನಲು ಕಲಿಯುವುದೂ ಈ ಸೇವೆಯ ಭಾಗ.

ಮನೆ ಬಿಟ್ಟು ಬಾರದವರ ಪುಸ್ತಕ

ಚಳಿ ಬಿದ್ದಮೇಲೆ ಮಂಡಿನೋವಿನ ಅಜ್ಜ ಅಜ್ಜಿಯರು ಗ್ರಂಥಾಲಯದ ಮೆಟ್ಟಿಲು ಹತ್ತುವುದು ನಿಲ್ಲಿಸುತ್ತಾರೆ. ಓದುವ ಆಸೆ ಮಾತ್ರ ಹೆಚ್ಚಿರುತ್ತದೆ, ಏಕೆಂದರೆ ಹೊತ್ತು ಹೋಗುವುದಿಲ್ಲ. ನಿಮ್ಮ ಬೀದಿಯಲ್ಲಿ ಇಂಥವರು ಇಬ್ಬರು ಮೂವರು ಇದ್ದರೆ ಅವರ ಪುಸ್ತಕ ಮರಳಿಸಿ, ಬೇರೆ ತಂದುಕೊಡಿ.

ಇದಕ್ಕೆ ಒಂದು ಚೀಟಿ ಕ್ರಮ ಬೇಕು. ಪ್ರತಿಯೊಬ್ಬರಿಗೂ ಒಂದು ಚೀಟಿ: ಹೆಸರು, ಸದಸ್ಯತ್ವ ಕಾರ್ಡಿನ ಸಂಖ್ಯೆ, ಮರಳಿಸುವ ಪುಸ್ತಕದ ಅಕ್ಸೆಶನ್ ನಂಬರ್, ಕೊನೆಯ ದಿನಾಂಕ, ಬೇಕಾದ ಬಗೆಯ ಪುಸ್ತಕ. ಚೀಟಿಯನ್ನು ಅದೇ ಪುಸ್ತಕದೊಳಗೆ ಇಟ್ಟು ರಬ್ಬರ್ ಬ್ಯಾಂಡ್ ಬದಲು ದಾರದಲ್ಲಿ ಕಟ್ಟಿ. ರಬ್ಬರ್ ರಟ್ಟಿನ ಅಂಚನ್ನು ಕತ್ತರಿಸುತ್ತದೆ. ಇಬ್ಬರ ಪುಸ್ತಕ ಅದಲುಬದಲಾಗಿ ಒಬ್ಬರ ಖಾತೆಯಲ್ಲಿ ದಂಡ ನಿಲ್ಲುವುದು ಇಲ್ಲಿ ಆಗಾಗ ಆಗುವ ತಪ್ಪು. ಗ್ರಂಥಪಾಲಕರು ರಿಜಿಸ್ಟರಿನಲ್ಲಿ ಹೊಡೆದುಹಾಕಿದ್ದನ್ನು ಕಣ್ಣಾರೆ ನೋಡಿಯೇ ಹೊರಡಿ.

ಆರಿಸುವಾಗ ಅಕ್ಷರದ ಗಾತ್ರ, ತೂಕ ಎರಡೂ ನೋಡಿ. ಚಳಿಗೆ ಬೆರಳ ಗಂಟು ಹಿಡಿದುಕೊಂಡವರಿಗೆ ಆರುನೂರು ಪುಟದ ಕಾದಂಬರಿ ಎತ್ತಿ ಹಿಡಿಯುವುದೇ ಕಷ್ಟ. ಇನ್ನೂರು ಪುಟದೊಳಗಿನ ಎರಡು ಪುಸ್ತಕ ಕೊಡುವುದು ವಾಸಿ. ‘ನಿಮಗೆ ಏನು ತರಲಿ ಅಜ್ಜಿ?’ ಎಂದರೆ ‘ಏನಾದರೂ ತಾರಪ್ಪ’ ಎನ್ನುತ್ತಾರೆ. ಹಾಗೆ ಕೇಳುವ ಬದಲು ‘ಹೋದ ಸಲದ್ದು ಪೂರ್ತಿ ಓದಿದಿರಾ?’ ಎಂದು ಕೇಳಿ. ಅರ್ಧಕ್ಕೆ ಬಿಟ್ಟಿದ್ದರೆ ಯಾಕೆ ಬಿಟ್ಟರೆಂಬುದರಲ್ಲಿ ಉತ್ತರ ಸಿಗುತ್ತದೆ.

ಧೂಳು, ಬೂಷ್ಟು, ಹುಳು

ಗ್ರಂಥಾಲಯದ ಕಿಟಕಿಗಳನ್ನು ಇಬ್ಬನಿ ಆರುವವರೆಗೆ ತೆರೆಯಬೇಡಿ. ಬೆಳಗಿನ ಮಂಜಿನ ಗಾಳಿ ಒಳಬಂದರೆ ಒಣಗಿದ ಪುಸ್ತಕಕ್ಕೆ ಮತ್ತೆ ತೇವ ಕುಡಿಸಿದಂತೆ. ಹತ್ತೂವರೆ, ಹನ್ನೊಂದರ ಮೇಲೆ ಎದುರುಬದುರು ಕಿಟಕಿ ತೆಗೆಯಿರಿ, ನಾಲ್ಕೂವರೆಗೆ ಮುಚ್ಚಿ. ಕೈ ಕಾಯಿಸಲೆಂದು ಒಳಗೆ ಕೆಂಡದ ಅಗ್ಗಿಷ್ಟಿಕೆ ತರುವವರಿದ್ದಾರೆ, ಖಂಡಿತ ಬೇಡ. ಬೆಂಕಿಯ ಭಯ ಒಂದು, ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡ್ ಇನ್ನೊಂದು. ಅದಕ್ಕೆ ವಾಸನೆಯೂ ಇಲ್ಲ.

ಒಂದು ಸಲಕ್ಕೆ ಒಂದೇ ಹಲಗೆ. ಮೇಲಿನ ಹಲಗೆಯಿಂದ ಶುರುಮಾಡಿ, ಎಡದಿಂದ ಬಲಕ್ಕೆ ಪುಸ್ತಕ ತೆಗೆದು ಅದೇ ಕ್ರಮದಲ್ಲಿ ಮೇಜಿನ ಮೇಲೆ ನಿಲ್ಲಿಸಿ. ತೆಗೆಯುವಾಗ ಪುಸ್ತಕದ ಬೆನ್ನಿನ (ಹಾಳೆಗಳು ಕೂಡಿಕೊಂಡಿರುವ ಬದಿಯ) ಮೇಲ್ತುದಿಗೆ ಬೆರಳು ಹಾಕಿ ಎಳೆಯಬಾರದು. ಗ್ರಂಥಾಲಯದ ಪುಸ್ತಕಗಳ ಬೆನ್ನು ಕಿತ್ತುಬರುವುದು ಬಹುಪಾಲು ಹೀಗೆಯೇ. ಎರಡೂ ಪಕ್ಕದ ಪುಸ್ತಕಗಳನ್ನು ಸ್ವಲ್ಪ ಒಳಗೆ ತಳ್ಳಿ, ಬೇಕಾದದ್ದರ ನಡುವನ್ನು ಹಿಡಿದು ತೆಗೆಯಿರಿ.

ಪುಸ್ತಕವನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಮೇಲಂಚಿನ ಧೂಳನ್ನು ಬೆನ್ನಿನಿಂದ ಹೊರ ಅಂಚಿನ ಕಡೆಗೆ ಬ್ರಷ್ಷಿನಲ್ಲಿ ತಳ್ಳಿ. ಸಡಿಲ ಹಿಡಿದರೆ ಧೂಳು ಹಾಳೆಗಳ ಒಳಕ್ಕೆ ಇಳಿಯುತ್ತದೆ. ಆಮೇಲೆ ರಟ್ಟನ್ನು ಒಣಬಟ್ಟೆಯಲ್ಲಿ ಒರೆಸಿ. ಒದ್ದೆ ಬಟ್ಟೆ ಪುಸ್ತಕಕ್ಕಲ್ಲ, ಹಲಗೆಗೆ ಮಾತ್ರ, ಅದೂ ಚೆನ್ನಾಗಿ ಹಿಂಡಿದ್ದು. ಹಲಗೆ ಪೂರ್ತಿ ಒಣಗಲು ಅರ್ಧ ಗಂಟೆ ಬಿಡಿ. ಈ ಅರ್ಧ ಗಂಟೆ ಉಳಿಸಲು ಹೋಗಿ ಒದ್ದೆ ಹಲಗೆಯ ಮೇಲೇ ಪುಸ್ತಕ ಜೋಡಿಸಿದರೆ ಕೆಳ ಅಂಚಿಗೆ ಬೂಷ್ಟು ಖಾತ್ರಿ. ಕಪಾಟು ಗೋಡೆಗೆ ಒತ್ತಿಕೊಂಡಿದ್ದರೆ ಮೂರು ಇಂಚು ಮುಂದಕ್ಕೆ ಎಳೆಯಲು ಇದೇ ಸಮಯ. ಕೆಳಗಿನ ಹಲಗೆ ನೆಲದಿಂದ ನಾಲ್ಕು ಇಂಚಾದರೂ ಮೇಲಿರಲಿ.

ಬೂಷ್ಟು ಕಂಡ ಪುಸ್ತಕವನ್ನು ಬೇರೆ ಇಡಿ, ಮಾಸ್ಕ್ ಹಾಕಿಕೊಳ್ಳಿ. ಅಸ್ತಮಾ ಇರುವವರು ಈ ಕೆಲಸಕ್ಕೆ ಕೈ ಹಾಕಬೇಡಿ. ಹಸಿ ಬೂಷ್ಟನ್ನು ಉಜ್ಜಿದರೆ ಹಾಳೆಗೆ ಮೆತ್ತಿಕೊಳ್ಳುತ್ತದೆ. ಮೊದಲು ಒಣಗಬೇಕು: ಪುಸ್ತಕವನ್ನು ನಿಲ್ಲಿಸಿ, ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ, ವರಾಂಡದ ನೆರಳಿನಲ್ಲಿ ಗಾಳಿ ಆಡುವಲ್ಲಿ ಎರಡು ಮೂರು ಗಂಟೆ ಇಡಿ. ಪುಡಿಪುಡಿಯಾದ ಮೇಲೆ ಹೊರಗಡೆಯೇ, ಗಾಳಿ ನಿಮ್ಮ ಬೆನ್ನಿಗಿರುವಂತೆ ನಿಂತು ಬ್ರಷ್ ಮಾಡಿ. ಚಳಿ ಬಿಸಿಲು ಹಿತವಾಗಿದೆಯೆಂದು ಪುಸ್ತಕವನ್ನೂ ಬಿಸಿಲಿಗೆ ಹಾಕುವ ಆಸೆಯಾಗುತ್ತದೆ. ನೇರ ಬಿಸಿಲು ರಟ್ಟನ್ನು ಸೊಟ್ಟ ಮಾಡುತ್ತದೆ, ಕಾಗದವನ್ನು ಹಪ್ಪಳ ಮಾಡುತ್ತದೆ, ಬಣ್ಣ ತೆಗೆಯುತ್ತದೆ. ಬಿಸಿಲಿಗೆ ನೀವು ಕೂರಿ, ಪುಸ್ತಕ ನೆರಳಲ್ಲಿರಲಿ.

ಹುಳು ಯಾವುದೆಂದು ಅದು ಬಿಟ್ಟ ಗುರುತು ನೋಡಿ ತಿಳಿಯಬೇಕು. ಹಾಳೆಯ ಮೇಲ್ಮೈ ಕೆರೆದಂತೆ, ಅಂಚು ಕಚ್ಚಿದಂತೆ ಇದ್ದರೆ ಬೆಳ್ಳಿ ಬಣ್ಣದ, ಮಿಂಚಿನಂತೆ ಓಡುವ ಹುಳು. ಅದಕ್ಕೆ ಬೇಕಾದದ್ದು ಗಂಜಿ ಅಂಟು. ಗುಂಡಾದ ಸಣ್ಣ ತೂತು ಪುಟದಿಂದ ಪುಟಕ್ಕೆ ಕೊರೆದಿದ್ದರೆ ಜೀರುಂಡೆ ಜಾತಿಯ ಮರಿಹುಳು. ಮಣ್ಣಿನ ಗೆರೆ ಕಂಡರೆ ಗೆದ್ದಲು. ಗೆದ್ದಲಿನ ಮಣ್ಣನ್ನು ಒರೆಸಿ ಸುಮ್ಮನಾಗಬೇಡಿ. ಗೂಡು ಗೋಡೆಯಲ್ಲೋ ನೆಲದಲ್ಲೋ ಇರುತ್ತದೆ. ಗ್ರಂಥಪಾಲಕರಿಗೆ ಅಂದೇ ತೋರಿಸಿ, ಪಂಚಾಯತಿಯಿಂದ ಔಷಧಿ ಹೊಡೆಸಬೇಕು. ನುಸಿಗುಳಿಗೆಯನ್ನು ಮಕ್ಕಳು ಬರುವ ಕಡೆ ಇಡುವುದು ತಪ್ಪು. ಪೆಪ್ಪರಮಿಂಟಿನಂತೆ ಕಾಣುತ್ತದೆ, ಬಾಯಿಗೆ ಹಾಕಿಕೊಂಡರೆ ವಿಷ. ಬೇವಿನ ಎಲೆ ಇಡುವ ರೂಢಿಯವರು ಪೂರ್ತಿ ಒಣಗಿದ್ದನ್ನೇ ಇಡಿ, ಹಸಿ ಎಲೆಯಿಂದ ತೇವ ಮತ್ತು ಹಸಿರು ಕಲೆ ಬರುತ್ತದೆ.

ಅಂಟು ಕುದಿಸುವುದು, ಹಾಳೆ ಕೂಡಿಸುವುದು

ಸೆಲೋಟೇಪ್ ಯಾಕೆ ಬೇಡವೆಂದರೆ, ಕೆಲವು ವರ್ಷಗಳಲ್ಲಿ ಅದರ ಪ್ಲಾಸ್ಟಿಕ್ ಕಳಚಿ ಬೀಳುತ್ತದೆ, ಅಂಟು ಮಾತ್ರ ಹಾಳೆಯೊಳಗೆ ಹಳದಿ ಪಟ್ಟಿಯಾಗಿ ಉಳಿದು ಪಕ್ಕದ ಪುಟಕ್ಕೂ ಹತ್ತುತ್ತದೆ. ಆ ಕಲೆಯನ್ನು ತೆಗೆಯುವ ಸುಲಭ ದಾರಿ ಇಲ್ಲ. ಹರಿದ ಹಾಳೆಗೆ ಹಿಟ್ಟಿನ ಅಂಟೇ ಸರಿ, ಏಕೆಂದರೆ ಬೇಕಾದಾಗ ತೇವ ಮಾಡಿ ಬಿಡಿಸಬಹುದು.

ಎರಡು ದೊಡ್ಡ ಚಮಚ ಮೈದಾಕ್ಕೆ ಹತ್ತು ಚಮಚ ನೀರು. ಮೊದಲು ಎರಡು ಚಮಚ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಉಳಿದದ್ದು ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸಿ. ಎಂಟು ಹತ್ತು ನಿಮಿಷದಲ್ಲಿ ಹಾಲಿನ ಬಿಳಿ ಹೋಗಿ ಹೊಳಪಿನ, ಅರೆಪಾರದರ್ಶಕ ಗಂಜಿಯಾಗುತ್ತದೆ. ಬಿಳಿ ಬಿಳಿಯಾಗಿರುವಾಗಲೇ ಇಳಿಸಿದರೆ ಅಂಟು ಹಿಡಿಯದು, ಒಣಗಿದ ಮೇಲೆ ಪುಡಿ ಉದುರುತ್ತದೆ. ಆರಿದ ಮೇಲೆ ಹತ್ತಿ ಬಟ್ಟೆಯಲ್ಲಿ ಸೋಸಿ. ಮನೆಯಲ್ಲೇ ಕುದಿಸಿ ಡಬ್ಬಿಯಲ್ಲಿ ತನ್ನಿ.

ಚಳಿಗೆ ಇದು ಆರಿದಂತೆ ಗಟ್ಟಿಯಾಗಿ ಮುದ್ದೆಯಾಗುತ್ತದೆ. ಆಗ ನೀರು ಸುರಿಯುವುದೇ ಎಲ್ಲರೂ ಮಾಡುವ ತಪ್ಪು. ನೀರು ಹೆಚ್ಚಾದರೆ ಹಾಳೆ ಅಲೆ‌ಅಲೆಯಾಗಿ ಮುದುಡುತ್ತದೆ. ಮೊದಲು ಬ್ರಷ್ಷಿನಲ್ಲಿ ಚೆನ್ನಾಗಿ ಕಡೆಯಿರಿ. ಸಾಲದಿದ್ದರೆ ಹನಿ ಹನಿಯಾಗಿ ನೀರು ಸೇರಿಸಿ ಗಟ್ಟಿ ಮೊಸರಿನ ಹದಕ್ಕೆ ತನ್ನಿ. ಅಂದಿನದು ಅಂದಿಗೆ ಮುಗಿಸಿ. ಹಳೆಯ ಬೈಂಡರುಗಳು ಹುಳು ಬಾರದಿರಲೆಂದು ಮೈಲುತುತ್ತ ಬೆರೆಸುತ್ತಿದ್ದರು. ಬೆರಳು ಎಂಜಲು ಮಾಡಿ ಪುಟ ತಿರುವುವ ಮಕ್ಕಳ ಪುಸ್ತಕಕ್ಕೆ ಅದು ಬೇಡ, ಅದು ವಿಷ.

ಹರಿದ ಹಾಳೆ. ಟಿಶ್ಯೂ ಕಾಗದದ ಪಟ್ಟಿ ಒಂದು ಸೆಂಟಿಮೀಟರ್ ಅಗಲ ಇರಲಿ, ಆದರೆ ಕತ್ತರಿ ಹಾಕಬೇಡಿ. ಬ್ರಷ್ಷಿನ ತುದಿ ನೀರಲ್ಲಿ ಅದ್ದಿ ಕಾಗದದ ಮೇಲೆ ಗೆರೆ ಎಳೆದು, ಆ ಗೆರೆಯಲ್ಲಿ ಮೆಲ್ಲಗೆ ಎಳೆದು ಹರಿಯಿರಿ. ಅಂಚಿನಲ್ಲಿ ರೇಷ್ಮೆಯಂಥ ನಾರುಗಳು ಹೊರಬರುತ್ತವೆ. ಅವು ಹಾಳೆಯೊಳಗೆ ಬೆರೆತು ಹೋಗುವುದರಿಂದ ರಿಪೇರಿಯ ಗೆರೆ ಕಾಣುವುದಿಲ್ಲ, ಆ ಅಂಚಿನಲ್ಲೇ ಮತ್ತೆ ಮುರಿಯುವುದೂ ಇಲ್ಲ. ಹರಿದ ಎರಡೂ ಅಂಚನ್ನು ಗಮನಿಸಿ: ಒಂದರ ಮೇಲೊಂದು ಕೂರುವ ಓರೆ ಇರುತ್ತದೆ, ಅದನ್ನು ಅದರ ಮೂಲ ಜಾಗಕ್ಕೇ ಕೂಡಿಸಿ. ಪಟ್ಟಿಗೆ ತೆಳುವಾಗಿ ಅಂಟು ಸವರಿ, ಹರಿದ ಗೆರೆಯ ಮೇಲೆ ಇಟ್ಟು, ಬಟರ್ ಪೇಪರ್ ಮುಚ್ಚಿ ಉಗುರಿನ ಬೆನ್ನಿನಿಂದ ನಡುವಿನಿಂದ ಹೊರಕ್ಕೆ ತೀಡಿ. ಹಾಳೆಯ ಕೆಳಗೂ ಬಟರ್ ಪೇಪರ್ ಇರಲೇಬೇಕು, ಇಲ್ಲದಿದ್ದರೆ ಮುಂದಿನ ಪುಟ ಅಂಟಿಕೊಂಡು ಒಂದರ ಬದಲು ಎರಡು ಹಾಳೆ ಹೋಗುತ್ತವೆ. ಪುಸ್ತಕ ಮುಚ್ಚಿ ಮೇಲೆ ಪತ್ರಿಕೆ ಸುತ್ತಿದ ಇಟ್ಟಿಗೆ. ಬೇಸಿಗೆಯಲ್ಲಿ ಮೂರು ಗಂಟೆ ಸಾಕಾಗುವುದು ಚಳಿಯಲ್ಲಿ ಇಡೀ ರಾತ್ರಿ ಬೇಕು. ಬಟರ್ ಪೇಪರ್ ಸಿಗದಿದ್ದರೆ ಪ್ಲಾಸ್ಟಿಕ್ ಹಾಳೆ ಆಗುತ್ತದೆ, ಆದರೆ ತೇವ ಹೊರಹೋಗಲು ದಾರಿಯಿಲ್ಲದೆ ಇನ್ನೂ ನಿಧಾನ.

ಕಳಚಿದ ಬಿಡಿ ಹಾಳೆ. ಹಾಳೆಯ ಒಳ ಅಂಚಿನಲ್ಲಿ ಮೂರು ಮಿಲಿಮೀಟರ್ ಮಾತ್ರ ಬಿಟ್ಟು ಉಳಿದದ್ದನ್ನು ರದ್ದಿ ಕಾಗದದಿಂದ ಮುಚ್ಚಿ, ಆ ಅಂಚಿಗೆ ಅಂಟು ಹಚ್ಚಿ. ರದ್ದಿ ತೆಗೆದು ಹಾಳೆಯನ್ನು ಬೆನ್ನಿನ ಆಳಕ್ಕೆ ಸೇರಿಸಿ, ಮೇಲಂಚು ಕೆಳಂಚು ಸರಿಸಮವಿದೆಯೇ ನೋಡಿ. ಮೂರರ ಬದಲು ಹತ್ತು ಮಿಲಿಮೀಟರ್ ಹಚ್ಚಿದರೆ ಪುಟ ಪೂರ್ತಿ ತೆರೆಯುವುದಿಲ್ಲ, ಓದುವವರು ಬಲವಂತದಿಂದ ಒತ್ತಿ ಬೆನ್ನನ್ನೇ ಮುರಿಯುತ್ತಾರೆ. ನಾಲ್ಕೈದಕ್ಕಿಂತ ಹೆಚ್ಚು ಹಾಳೆ ಒಟ್ಟಿಗೆ ಕಳಚಿದ್ದರೆ ಅಂಟು ನಿಲ್ಲದು, ಹೊಲಿಗೆ ಬೇಕು. ಬೆನ್ನಿನಿಂದ ಐದು ಮಿಲಿಮೀಟರ್ ಒಳಗೆ ದಬ್ಬಣದಲ್ಲಿ ಮೂರು ತೂತು ಮಾಡಿ, ಮೋಂಬತ್ತಿಗೆ ಉಜ್ಜಿದ ದಾರದಲ್ಲಿ ನಡುವಿನ ತೂತಿನಿಂದ ಶುರುಮಾಡಿ ಅಲ್ಲೇ ಗಂಟು ಹಾಕಿ. ಮೇಣ ಹಚ್ಚದ ದಾರ ಕಾಗದವನ್ನು ಗರಗಸದಂತೆ ಕೊಯ್ಯುತ್ತದೆ.

ರಟ್ಟು ಸಡಿಲವಾದದ್ದಕ್ಕೆ ಸ್ವೆಟರ್ ಕಡ್ಡಿ. ಪುಸ್ತಕವನ್ನು ನಿಲ್ಲಿಸಿ ರಟ್ಟನ್ನು ಸ್ವಲ್ಪ ಅಗಲಿಸಿದರೆ ಬೆನ್ನಿನ ಪಕ್ಕ ಒಂದು ಸಣ್ಣ ಕೊಳವೆಯಂಥ ಸಂದು ಕಾಣುತ್ತದೆ. ಕಡ್ಡಿಯನ್ನು ಫೆವಿಕಾಲಿನಲ್ಲಿ ಅದ್ದಿ, ಹನಿ ತೊಟ್ಟಿಕ್ಕದಂತೆ ತಟ್ಟಿ, ಆ ಸಂದಿಗೆ ಇಳಿಸಿ ಸುತ್ತ ತಿರುಗಿಸಿ ಹೊರತೆಗೆಯಿರಿ. ಪುಸ್ತಕ ಮುಚ್ಚಿ, ರಟ್ಟು ಮಡಚುವ ಗೀರಿನಲ್ಲಿ ಅದೇ ಕಡ್ಡಿಯನ್ನು ಒರೆಸಿ ಹೊರಗಡೆಯಿಂದ ಇಟ್ಟು ಮೇಲೆ ಭಾರ ಹೇರಿ. ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಬೇಕಾಗುವ ರಿಪೇರಿ ಇದೇ, ಹತ್ತು ನಿಮಿಷದ ಕೆಲಸ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗಂತೂ ಮೊದಲು ಇದನ್ನು ಮಾಡಿ, ಜೆರಾಕ್ಸ್ ಯಂತ್ರದ ಮೇಲೆ ಕವುಚಿ ಒತ್ತಿ ಒತ್ತಿ ಅವುಗಳ ಬೆನ್ನು ಸೋತಿರುತ್ತದೆ. ಫೆವಿಕಾಲನ್ನು ಕೊರೆಯುವ ಚಳಿಯಲ್ಲಿ ಬಳಸಬೇಡಿ. ಬೀದರ್, ವಿಜಯಪುರದ ಕಡೆ ಉಷ್ಣಾಂಶ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿದ ಬೆಳಿಗ್ಗೆ ಅದು ಪದರಗಟ್ಟದೆ ಸುಣ್ಣದಂತೆ ಪುಡಿಯಾಗಬಹುದು. ಹನ್ನೊಂದರ ನಂತರ ಹಚ್ಚಿ, ಸಂಜೆಯೊಳಗೆ ಹಿಡಿದಿರುತ್ತದೆ.

ಮುಟ್ಟಬಾರದ ಪುಸ್ತಕಗಳೂ ಇವೆ. ಮಡಚಿದರೆ ಮೂಲೆ ಮುರಿದು ಕೈಗೆ ಬರುವಷ್ಟು ಹಳೆಯವು, ಬೇರೆಲ್ಲೂ ಸಿಗದವು, ಕೈಬರಹದವು. ಅವನ್ನು ಬಿಳಿ ಕಾಗದದಲ್ಲಿ ಸುತ್ತಿ, ಹತ್ತಿ ಪಟ್ಟಿಯಲ್ಲಿ ಕಟ್ಟಿ, ಮೇಲೆ ಹೆಸರು ಬರೆದು ಗ್ರಂಥಪಾಲಕರ ಕೈಗೆ ಕೊಡಿ. ಮೊಹರು ಇರುವ ಪುಟದ ಮೇಲೆ ಯಾವ ಕಾರಣಕ್ಕೂ ಕಾಗದ ಅಂಟಿಸಬೇಡಿ. ಮೊದಲ ದಿನ ಐದು ಪುಸ್ತಕ ಸರಿಯಾದರೆ ಅದು ಒಳ್ಳೆಯ ದಿನ.

ಮರಳಿ ಜಾಗಕ್ಕೆ

1931ರಲ್ಲಿ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಗ್ರಂಥಾಲಯಕ್ಕೆ ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕೆಂಬುದು. ತಪ್ಪು ಜಾಗದಲ್ಲಿಟ್ಟ ಪುಸ್ತಕ ಕಳೆದುಹೋದಂತೆಯೇ. ಡ್ಯೂಯಿ ಸಂಖ್ಯೆ (ವಿಷಯವಾರು ಜೋಡಿಸಲು ಪುಸ್ತಕದ ಬೆನ್ನಿಗೆ ಹಚ್ಚುವ ಸಂಖ್ಯೆ) ಇರುವ ಕಡೆ ದಶಮಾಂಶವನ್ನು ಅಂಕಿ ಅಂಕಿಯಾಗಿ ಓದಿ: 954, 954.8, 954.87, 954.9. ಎಂಬತ್ತೇಳು ಒಂಬತ್ತಕ್ಕಿಂತ ದೊಡ್ಡದೆಂದು 954.87ನ್ನು, ಅಂದರೆ ಕರ್ನಾಟಕದ ಚರಿತ್ರೆಯನ್ನು, 954.9ರ ಆಚೆ ಇಟ್ಟುಬಿಡುವವರು ಬಹಳ. ಕನ್ನಡ ಸಾಹಿತ್ಯ 894.814ರಲ್ಲಿ.

ಸಂಖ್ಯೆ ಇಲ್ಲದೆ ಲೇಖಕರ ಹೆಸರಿನ ಮೇಲೆ ಜೋಡಿಸಿದ ಕಡೆ ತೊಡಕು ಬೇರೆ. ಕುವೆಂಪು ಕೆಲವು ಕಪಾಟಿನಲ್ಲಿ ‘ಕು’ದಲ್ಲಿ, ಕೆಲವು ಕಡೆ ಪುಟ್ಟಪ್ಪ ಎಂದು ‘ಪು’ದಲ್ಲಿ ಇರುತ್ತಾರೆ. ಸೊನ್ನೆ (ಅನುಸ್ವಾರ) ಬರುವ ಹೆಸರುಗಳನ್ನು ಒಬ್ಬರು ಮೊದಲಿಗೆ ಇಟ್ಟರೆ ಇನ್ನೊಬ್ಬರು ಕೊನೆಗೆ ಇಡುತ್ತಾರೆ. ನಿಮ್ಮ ಜಾಣತನ ಇಲ್ಲಿ ಬೇಡ; ಗ್ರಂಥಪಾಲಕರ ರೂಢಿ ಏನಿದೆಯೋ ಅದನ್ನೇ ಹಿಡಿಯಿರಿ. ಹಲಗೆಯ ಮುಕ್ಕಾಲು ಭಾಗ ತುಂಬಿ ಉಳಿದದ್ದನ್ನು ಖಾಲಿ ಬಿಡಿ. ಇರುಕಿ ತುಂಬಿದರೆ ನೀವು ಇಂದು ಅಂಟಿಸಿದ ಬೆನ್ನು ನಾಳೆಯೇ ಕಿತ್ತುಬರುತ್ತದೆ.

ಶಾಲೆ ಬಿಟ್ಟ ಮೇಲೆ

ನಾಲ್ಕೂವರೆಗೆ ಮಕ್ಕಳು ಬರುತ್ತಾರೆ. ನೆಲ ತಣ್ಣಗೆ ಕೊರೆಯುತ್ತಿರುತ್ತದೆ, ಜಮಖಾನದ ಕೆಳಗೆ ಹಳೆಯ ಪತ್ರಿಕೆಗಳನ್ನು ನಾಲ್ಕು ಪದರ ಹಾಸಿದರೆ ಚಳಿ ಏರುವುದಿಲ್ಲ. ಕತೆ ಓದಿ ಹೇಳುವುದಾದರೆ ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ, ಚಳಿಯಲ್ಲಿ ಕೂತ ಮಕ್ಕಳು ಅದಕ್ಕಿಂತ ಹೆಚ್ಚು ಹೊತ್ತು ಕದಲದೆ ಇರಲಾರವು. ಆಮೇಲೆ ಅವರ ಕೈಗೇ ಪುಸ್ತಕ ಕೊಡಿ. ದೊಡ್ಡ ಮಕ್ಕಳಿಗೆ ಟಿಶ್ಯೂ ಪಟ್ಟಿ ಹರಿಯುವುದನ್ನು ತೋರಿಸಿ. ನೀರಿನ ಗೆರೆಯಲ್ಲಿ ಕಾಗದ ಮೆತ್ತಗೆ ಬಿಟ್ಟುಕೊಳ್ಳುವುದನ್ನು ನೋಡಿದವರು ಮತ್ತೆ ಪುಸ್ತಕ ಹರಿಯುವುದಿಲ್ಲ. ಡಿಸೆಂಬರಿನಲ್ಲಿ ಆರರ ಆಸುಪಾಸಿಗೆ ಹೊತ್ತು ಮುಳುಗುತ್ತದೆ. ಐದೂಮುಕ್ಕಾಲಿಗೆ ಎಲ್ಲರನ್ನೂ ಹೊರಡಿಸಿ, ಒಂದೇ ಓಣಿಯವರನ್ನು ಜೊತೆ ಮಾಡಿ ಕಳಿಸಿ.

ಬಾಗಿಲು ಹಾಕುವ ಮುಂಚೆ ಇಟ್ಟಿಗೆಯ ಕೆಳಗಿರುವ ಪ್ರತಿ ಪುಸ್ತಕಕ್ಕೂ ಒಂದು ಚೀಟಿ ಸಿಕ್ಕಿಸಿ: ಅಕ್ಸೆಶನ್ ನಂಬರ್, ಯಾವ ಪುಟ, ಇಂದಿನ ದಿನಾಂಕ, ‘ನಾಳೆ ಮಧ್ಯಾಹ್ನದವರೆಗೆ ತೆರೆಯಬೇಡಿ’. ಅದೇ ಪಟ್ಟಿಯ ಇನ್ನೊಂದು ಪ್ರತಿ ಗ್ರಂಥಪಾಲಕರ ಮೇಜಿನ ಮೇಲೆ. ಉಳಿದ ಅಂಟನ್ನು ಚೆಲ್ಲಿ ಡಬ್ಬಿ ತೊಳೆಯಿರಿ, ಬ್ರಷ್ಷನ್ನು ಬಿಸಿನೀರಿನಲ್ಲಿ ಅದ್ದಿ ಕೂದಲು ನೇರ ಮಾಡಿ ನೇತುಹಾಕಿ. ಮರುದಿನ ಬಟರ್ ಪೇಪರ್ ಬಿಡಿಸುವಾಗ ನೇರ ಮೇಲಕ್ಕೆ ಎತ್ತಬೇಡಿ. ಒಂದು ಮೂಲೆಯಿಂದ ಹಾಳೆಗೆ ಆತುಕೊಂಡಂತೆ ಹಿಂದಕ್ಕೆ ಸುರುಳಿ ಸುತ್ತುತ್ತ ಎಳೆಯಿರಿ. ಎಲ್ಲಾದರೂ ಹಿಡಿದುಕೊಂಡರೆ ಅಲ್ಲಿ ಇನ್ನೂ ತೇವವಿದೆ ಎಂದರ್ಥ. ಹಾಗೇ ಮುಚ್ಚಿ, ಇಟ್ಟಿಗೆಯನ್ನು ಮತ್ತೆ ಇಟ್ಟು, ಇನ್ನೊಂದು ದಿನ ಬಿಡಿ.